ಖಿದ್ರಾಪುರ: ಈಚೆ ದೇವರು, ಆಚೆ ನಂದಿ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ಖಿದ್ರಾಪುರವೆಂಬ ಸಣ್ಣ ಊರಿದೆ. ಇಲ್ಲಿಯ ಕೋಪೇಶ್ವರ ಗುಡಿ 12ನೆಯ ಶತಮಾನದ ಶಿಲಾಹಾರ ಅರಸರ ಕಾಲದ್ದು. 48 ಕಂಬಗಳ ಸ್ವರ್ಗಮಂಟಪದ ನಡುವೆ ಚಾವಣಿಯಿಲ್ಲ. ತಲೆ ಎತ್ತಿದರೆ ಮುಗಿಲೇ ಕಾಣುತ್ತದೆ. ಹತ್ತಿರದಲ್ಲೇ ಆದಿನಾಥ ಬಸದಿಯೂ ಇದೆ.

ಊರಿನಲ್ಲಿ ಹತ್ತು-ಹನ್ನೆರಡು ಶಾಸನಗಳಿವೆ. ಯಾದವ ದೊರೆ ಸಿಂಘಣನ ಸಂಸ್ಕೃತ ಶಾಸನವೊಂದನ್ನು ಬಿಟ್ಟರೆ ಉಳಿದವೆಲ್ಲ ಕನ್ನಡದವು.

ಶಿವನ ಗುಡಿಯಾದರೂ ಎದುರಿಗೆ ನಂದಿಯಿಲ್ಲ. ದಕ್ಷನ ಯಜ್ಞಕ್ಕೆ ಸತಿಯನ್ನು ಹೊತ್ತೊಯ್ದ ನಂದಿ ಯಡೂರಿನಲ್ಲೇ ಉಳಿದನೆಂದೂ, ಸತಿಯನ್ನು ಕಳೆದುಕೊಂಡ ಶಿವ ಕೋಪದಿಂದ ಇಲ್ಲಿ ಬಂದು ನೆಲೆಸಿದನೆಂದೂ ಹಿರಿಯರು ಹೇಳುತ್ತಾರೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು; ಯಡೂರು ಬೆಳಗಾವಿಯೊಡನೆ ಮೈಸೂರಿಗೆ ಸೇರಿತು. ದೇವರು ಒಂದು ರಾಜ್ಯದಲ್ಲಿ, ನಂದಿ ಇನ್ನೊಂದರಲ್ಲಿ! ಭಕ್ತರು ಮಾತ್ರ ಎರಡೂ ಕಡೆಗೆ ನಡೆದುಕೊಳ್ಳುತ್ತಾರೆ. 2005 ಮತ್ತು 2019ರ ಮಹಾಪೂರಗಳು ಎರಡೂ ದಂಡೆಯ ಹೊಲಗಳನ್ನು ಮುಳುಗಿಸಿದವು.

ಶಿವರಾತ್ರಿಗೆ ಹೋದಾಗ ನಿಮ್ಮ ಮಕ್ಕಳಿಗೆ ಆ ಕಲ್ಲಿನ ಅಕ್ಷರಗಳನ್ನು ತೋರಿಸಿರಿ. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೂ ಅದು ತಮ್ಮೂರ ಹಿರಿಯರ ಬರಹವೇ. ಓದುವವರು ಇಲ್ಲವಾದರೆ ಶಾಸನ ಬರಿಯ ಕಲ್ಲಾದೀತು.