ಬವಳಿಯ ಮೂಲವನ್ನು ಹುಡುಕಿದ ಬಗೆ

ವಿಜಯಪುರವನ್ನು ನೋಡಬಂದವರು ಗೋಳಗುಮ್ಮಟವನ್ನು ಏರದೆ ಹಿಂದಿರುಗುವದು ವಿರಳ. ಮೂಲೆಯ ಬುರುಜಿನೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಸುತ್ತಿ ಸುತ್ತಿ ಹತ್ತಿ, ನೆಲದಿಂದ ಸುಮಾರು 110 ಅಡಿ ಎತ್ತರದಲ್ಲಿರುವ ಪಿಸುಮಾತಿನ ಗ್ಯಾಲರಿಯನ್ನು ಸೇರಿದವರು ಮೊದಲು ಚಪ್ಪಾಳೆಯನ್ನು ತಟ್ಟಿ ಪ್ರತಿಧ್ವನಿಯನ್ನು ಎಣಿಸುವರು. ಆ ಮೇಲೆ, 1656 ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಸಮಾಧಿಯ ಕಡೆಗೆ ಬಗ್ಗಿ ನೋಡುವರು. ಆಗ ಎಷ್ಟೋ ಜನರಿಗೆ ಎದೆ ಝಲ್ಲೆಂದು ತಲೆಯು ತೂಗಿದಂತಾಗುವದು. ಇದು ರೋಗವಲ್ಲ. ನಾವು ಸುಮ್ಮನೆ ನಿಂತಿರುವಾಗಲೂ ನಮ್ಮ ಶರೀರವು ಕೊಂಚ ಕೊಂಚ ತೂಗುತ್ತಲೇ ಇರುವದು. ಹತ್ತಿರದ ಗೋಡೆ ಕಂಬಗಳ ಆಧಾರದಿಂದ ಕಣ್ಣು ಆ ತೂಗಾಟವನ್ನು ಅರಿತು ತಿದ್ದುವದು. ಎದುರಿಗೆ ಬರಿಯ ಬಯಲು ಇದ್ದಾಗ ಆ ಆಧಾರವು ತಪ್ಪುವದು. ಹಿಂದೆ ಸರಿದು ಗೋಡೆಗೆ ಅಂಗೈಯನ್ನೂರಿದರೆ ಸಾಕು, ಲೋಕವು ಮತ್ತೆ ಸ್ಥಿರವಾಗುವದು.

ಆದರೆ ತನ್ನ ಮನೆಯಲ್ಲಿ, ತನ್ನ ಹಾಸಿಗೆಯ ಮೇಲೆ ಮಲಗಿದವನಿಗೆ ಮನೆಯೇ ಸುತ್ತತೊಡಗಿದರೆ ಅವನು ಯಾವ ಗೋಡೆಯನ್ನು ಹಿಡಿಯಬೇಕು? ತಿಕೋಟಾದ ನನ್ನ ಸೋದರಮಾವಂದಿರಿಗೆ ಒದಗಿದ ಪ್ರಸಂಗವು ಇಂಥದೇ ಆಗಿದ್ದಿತು. ಆ ಭಾಗದ ದ್ರಾಕ್ಷಿಯ ತೋಟಗಳನ್ನು ವಾಚಕರು ಬಲ್ಲರು. ಚಪ್ಪರದ ಕೆಳಗೆ ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ ಗೊಂಚಲುಗಳನ್ನು ನೋಡುವದು ಅಲ್ಲಿಯ ನಿತ್ಯದ ಕೆಲಸ. ಒಂದು ಮುಂಜಾನೆ ಅವರು ಹಾಗೆ ಮೇಲೆ ನೋಡಿದೊಡನೆ ಚಪ್ಪರವೆಲ್ಲ ಗಾಣದಂತೆ ತಿರುಗಿತು. ಅವರು ಕಂಬವನ್ನು ತಬ್ಬಿ ಕುಳಿತುಬಿಟ್ಟರು. ಅರ್ಧ ನಿಮಿಷದಲ್ಲಿ ಎಲ್ಲವೂ ನಿಂತಿತು. ರಾತ್ರಿ ಬಲಮಗ್ಗಲಿಗೆ ಹೊರಳಿದಾಗ ಮತ್ತೆ ಅದೇ. ಪಿತ್ತವೆಂದು ಒಬ್ಬರು, ರಕ್ತದೊತ್ತಡವೆಂದು ಇನ್ನೊಬ್ಬರು, ಹೊಲದಲ್ಲಿ ಗಾಳಿ ಸೋಕಿದೆಯೆಂದು ಮೂರನೆಯವರು ಹೇಳಿದರು. ಗುಳಿಗೆಗಳು ಬಂದವು. ಮೂರು ತಿಂಗಳು ಅವರು ಕುಳಿತೇ ನಿದ್ರಿಸಿದರು, ಮೋಟರ ಸೈಕಲ್ಲನ್ನು ಮುಟ್ಟಲಿಲ್ಲ, ತೋಟವನ್ನು ಆಳುಗಳಿಗೊಪ್ಪಿಸಿದರು. ಇದೇ ಕಾಲಕ್ಕೆ ಬಬಲೇಶ್ವರದಲ್ಲಿದ್ದ ನಮ್ಮ ದೊಡ್ಡವ್ವನಿಗೂ ಬವಳಿ ಬರುತ್ತದೆಂದು ಸುದ್ದಿ ಬಂದಿತು. ಅಕ್ಕನಿಗೂ ತಮ್ಮನಿಗೂ ಒಂದೇ ರೋಗವೆಂದು ಬಗೆದು, ಮಾವನವರ ಗುಳಿಗೆಗಳಲ್ಲಿ ಅರ್ಧವನ್ನು ಬಬಲೇಶ್ವರಕ್ಕೆ ಕಳಿಸಲಾಯಿತು! ಅವನ್ನು ನುಂಗಿ ತೂಕಡಿಸುತ್ತಿದ್ದ ದೊಡ್ಡವ್ವನು ಹಿತ್ತಲಲ್ಲಿ ಬಿದ್ದು ಮುಂಗೈಯನ್ನು ಮುರಿದುಕೊಂಡಳು.

ಈ ಪ್ರಮಾದಕ್ಕೆ ನಮ್ಮ ಮಾತೂ ಒಂದು ಕಾರಣವೆಂದು ನನಗೆ ತೋರುವದು. ಬವಳಿ, ಚಕ್ಕರ, ತಲೆಸುತ್ತು, ಕಣ್ಣಿಗೆ ಕತ್ತಲೆ ಎಂಬ ಶಬ್ದಗಳನ್ನು ನಮ್ಮ ಕಡೆಯವರು ಒಂದಕ್ಕೆ ಬದಲಾಗಿ ಇನ್ನೊಂದನ್ನು ಆಡುತ್ತಾರೆ. ಆದರೆ ಲೋಕವು ಸುತ್ತುವದು ಬೇರೆ, ಎದ್ದು ನಿಂತೊಡನೆ ಕಣ್ಣು ಮಂಜಾಗುವದು ಬೇರೆ, ನಡೆಯುವಾಗ ಕಾಲು ತಡವರಿಸುವದು ಬೇರೆ. ಪ್ರಾಚೀನ ವೈದ್ಯರು ಈ ಭೇದವನ್ನು ಅರಿಯದವರಲ್ಲ. ಚರಕಸಂಹಿತೆಯು ಎಂಬತ್ತು ವಾತವಿಕಾರಗಳನ್ನು ಎಣಿಸುವಲ್ಲಿ ‘ಭ್ರಮ’ಕ್ಕೆ ಸ್ಥಾನವನ್ನು ಕೊಟ್ಟಿರುವದು. ಮಾಧವಕರನ ನಿದಾನಗ್ರಂಥದಲ್ಲಿ ಮೂರ್ಛೆ, ಭ್ರಮ, ತಂದ್ರೆ, ನಿದ್ರೆಗಳು ಒಂದೇ ಪ್ರಕರಣದಲ್ಲಿದ್ದರೂ ಪ್ರತಿಯೊಂದಕ್ಕೂ ದೋಷವನ್ನು ಬೇರೆ ಬೇರೆಯಾಗಿ ಹೇಳಿದೆ.

ನಮ್ಮ ಊರಿಗಂತೂ ಈ ವಿಷಯದಲ್ಲಿ ಒಂದು ವಿಶೇಷವಾದ ನಂಟು ಉಂಟು. ಇತಿಹಾಸಕಾರನೆಂದು ನಾವೆಲ್ಲ ಬಲ್ಲ ಫೆರಿಸ್ತಾನು 1589 ರಲ್ಲಿ ವಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯವನ್ನು ಪಡೆದನು. ಅವನು ಭಾರತೀಯ ವೈದ್ಯಕವನ್ನು ಫಾರಸಿ ಬಲ್ಲವರಿಗೆ ತಿಳಿಸುವ ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನೂ ಬರೆದನೆಂಬುದು ಬಹುಜನರಿಗೆ ತಿಳಿಯದು. ಹೀಗೆ ಈ ಕೋಟೆಯೊಳಗೆ ಆಯುರ್ವೇದವೂ ಯುನಾನಿಯೂ ಎದುರುಬದುರಾಗಿ ಕುಳಿತವು. ತಲೆಸುತ್ತಿಗೆ ಯುನಾನಿಯವರು ‘ದವಾರ್’ ಎನ್ನುವರು. ಇಬ್ನ ಸೀನಾನು ಅದನ್ನು ತಲೆಯ ರೋಗಗಳಲ್ಲಿ ಸೇರಿಸಿದ್ದನು. ವಾತಪಿತ್ತಗಳೆಂದವರೂ, ತಲೆಗೇರುವ ಆವಿಗಳೆಂದವರೂ ರೋಗಿಯ ಹೇಳಿಕೆಯನ್ನು ಚೆನ್ನಾಗಿಯೇ ಕೇಳಿದ್ದರು. ಆದರೆ ಕಿವಿಯೆಂದರೆ ಕೇಳುವ ಇಂದ್ರಿಯವೆಂದೇ ಅಂದು ಲೋಕಕ್ಕೆಲ್ಲ ತಿಳಿದಿದ್ದಿತು. ಅದಕ್ಕೆ ಇನ್ನೊಂದು ಉದ್ಯೋಗವಿರುವದೆಂಬ ಶಂಕೆಯೇ ಯಾರಿಗೂ ಬಂದಿರಲಿಲ್ಲ.

ಆ ಶಂಕೆಯು ಹುಟ್ಟಿದ್ದು ಪಾರಿವಾಳಗಳಿಂದ. ಹತ್ತೊಂಬತ್ತನೆಯ ಶತಕದ ಪೂರ್ವಾರ್ಧದಲ್ಲಿ ಫ್ಲೂರಾನ್ಸ್ ಎಂಬ ಫ್ರೆಂಚ್ ವಿಜ್ಞಾನಿಯು ಪಾರಿವಾಳಗಳ ಒಳಗಿವಿಯಲ್ಲಿರುವ ಅರ್ಧಚಂದ್ರಾಕಾರದ ನಾಳಗಳನ್ನು ಕತ್ತರಿಸಿದನು. ಪಕ್ಷಿಗಳು ಕಿವುಡಾಗಲಿಲ್ಲ, ಯಾವ ನಾಳವನ್ನು ಕತ್ತರಿಸಿದನೋ ಆ ನಾಳದ ದಿಕ್ಕಿನಲ್ಲಿಯೇ ಅವು ತಿರುಗತೊಡಗಿದವು. ಆದರೆ ರೋಗಿಯ ಮಂಚದವರೆಗೆ ಈ ಸಂಗತಿಯು ಬಂದು ಮುಟ್ಟಲಿಲ್ಲ. ಪ್ಯಾರಿಸ್ಸಿನಲ್ಲಿ ಹಠಾತ್ತನೆ ತಲೆ ತಿರುಗಿ, ವಾಂತಿಯಾಗಿ ಬಿದ್ದವರಿಗೆ ಮಿದುಳಿಗೆ ರಕ್ತವೇರಿದೆಯೆಂದು ಹೇಳಿ ವೈದ್ಯರು ಜಿಗಣೆಗಳನ್ನು ಹಚ್ಚುತ್ತಲೂ ರಕ್ತವನ್ನು ತೆಗೆಯುತ್ತಲೂ ಇದ್ದರು. ಮೊದಲೇ ನಿತ್ರಾಣರಾದವರನ್ನು ಇನ್ನಷ್ಟು ನಿತ್ರಾಣಗೊಳಿಸುವ ಚಿಕಿತ್ಸೆಯಿದು.

ಅದೇ ಪಟ್ಟಣದ ಕಿವುಡ-ಮೂಕರ ಸಂಸ್ಥೆಗೆ ಪ್ರೊಸ್ಪೆರ್ ಮೆನಿಯೇರ್ ಎಂಬವರು 1838 ರಿಂದ ವೈದ್ಯರಾಗಿದ್ದರು. ದಿನವೂ ಕಿವಿಯ ರೋಗಿಗಳ ನಡುವೆ ಇದ್ದುದರಿಂದ, ಉಳಿದವರು ಕಾಣದ ಒಂದು ಸಂಗತಿಯು ಇವರ ಕಣ್ಣಿಗೆ ಬಿದ್ದಿತು: ಹೀಗೆ ಬಿದ್ದೆದ್ದ ಕೆಲವರಿಗೆ ಕಿವಿಯಲ್ಲಿ ಮೊರೆತವು ಕೇಳಿಸಿ, ಬರಬರುತ್ತ ಆ ಕಿವಿಯು ಮಂದವಾಗುತ್ತಿದ್ದಿತು. ಮಿದುಳು ಕೆಟ್ಟಿದ್ದರೆ ಕೈಕಾಲು, ಮಾತು, ಬುದ್ಧಿಗಳು ಹೇಗೆ ಉಳಿದವು? ಚಳಿಗಾಲದ ರಾತ್ರಿಯಲ್ಲಿ ತೆರೆದ ಬಂಡಿಯಲ್ಲಿ ಪ್ರವಾಸ ಮಾಡಿದ ಒಬ್ಬ ಎಳೆಯ ಹುಡುಗಿಯ ಸಂಗತಿಯನ್ನು ಅವರು ನೆನೆದರು. ಆಕೆಯು ಹಠಾತ್ತನೆ ಕಿವುಡಾಗಿ, ತಲೆ ಸುತ್ತಿ, ಐದನೆಯ ದಿನ ತೀರಿಕೊಂಡಿದ್ದಳು. ಶವಪರೀಕ್ಷೆಯಲ್ಲಿ ಮಿದುಳೂ ಬೆನ್ನುಹುರಿಯೂ ಶುದ್ಧವಾಗಿದ್ದವು; ವಿಕಾರವು ಕಂಡದ್ದು ಅರ್ಧಚಂದ್ರನಾಳಗಳಲ್ಲಿ ಮಾತ್ರ. 1861 ನೆಯ ಜನವರಿ 8 ರಂದು ಮೆನಿಯೇರರು ಪ್ಯಾರಿಸ್ಸಿನ ವೈದ್ಯಪರಿಷತ್ತಿನ ಮುಂದೆ ತಮ್ಮ ಲೇಖನವನ್ನೋದಿದರು. ಆದರೆ ತಮ್ಮ ಮಾತಿಗೆ ಬೆಲೆ ಬಂದುದನ್ನು ನೋಡಲು ಅವರು ಉಳಿಯಲಿಲ್ಲ. ಮರುವರ್ಷ 1862 ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹೆಸರಿನ ರೋಗದಲ್ಲಿ ಒಳಗಿವಿಯ ದ್ರವವು ಹೆಚ್ಚಿ ಉಬ್ಬುವದೆಂಬುದು 1938 ರಲ್ಲಿ ಲಂಡನ್ನಿನಲ್ಲಿಯೂ ಜಪಾನದ ಒಸಾಕಾದಲ್ಲಿಯೂ ಕಂಡುಬಂದಿತು.

ವಿಯೆನ್ನಾದ ರಾಬರ್ಟ ಬಾರಾನಿಯವರ ಶೋಧಕ್ಕೆ ಕಾರಣವಾದದ್ದು ಒಬ್ಬ ರೋಗಿಯ ದೂರು. ಕಿವಿಯನ್ನು ತಣ್ಣೀರಿನಿಂದ ತೊಳೆದರೆ ತಲೆ ಸುತ್ತುತ್ತದೆಂದು ಅವನು ಹೇಳಿದನು. ಬಿಸಿನೀರಿಗೂ ಸುತ್ತು ಬಂದಿತು. ಆದರೆ ಕಣ್ಣಾಲಿಗಳು ವಿರುದ್ಧ ದಿಕ್ಕಿಗೆ ಹರಿದಾಡಿದವು! ಒಳಗಿವಿಯ ದ್ರವವು ಶಾಖಕ್ಕೆ ಏರಿ, ತಂಪಿಗೆ ಇಳಿಯುವದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ಎರಡು ಕಿವಿಗಳಲ್ಲಿ ಯಾವುದು ಕೆಟ್ಟಿದೆಯೆಂಬುದನ್ನು ನೀರಿನಿಂದಲೇ ಕಂಡುಹಿಡಿಯುವದು ಇದರಿಂದ ಸಾಧ್ಯವಾಯಿತು. 1914 ನೆಯ ವರ್ಷದ ನೋಬೆಲ್ ಪಾರಿತೋಷಕವು ಅವರಿಗೆ ಸಂದಾಗ ಅವರು ರಶಿಯದಲ್ಲಿ ಯುದ್ಧಕೈದಿಯಾಗಿದ್ದರು. ತಲೆಯ ಭಂಗಿಯನ್ನು ಬದಲಿಸಿದಾಗ ಮಾತ್ರ ಬರುವ ಸುತ್ತನ್ನು 1921 ರಲ್ಲಿ ವರ್ಣಿಸಿದವರೂ ಇವರೇ. 1952 ರಲ್ಲಿ ಲಂಡನ್ನಿನ ಡಿಕ್ಸ್, ಹಾಲ್‌ಪೈಕ್ ಎಂಬಿಬ್ಬರು ಅದಕ್ಕೆ ಖಚಿತವಾದ ಪರೀಕ್ಷೆಯನ್ನು ಹೇಳಿದರು.

ಇದರ ಮೂಲವು ಕೇವಲ ಸುಣ್ಣ. ನಮ್ಮ ಒಳಗಿವಿಯ ಒಂದು ಚೀಲದಲ್ಲಿ ಸುಣ್ಣಕಲ್ಲಿನ ಜಾತಿಯ ಅತಿ ಸೂಕ್ಷ್ಮ ಹರಳುಗಳಿರುವವು. ತಲೆಯು ವಾಲಿದುದನ್ನು ಅವುಗಳ ಭಾರವೇ ತಿಳಿಸುವದು. ವಯಸ್ಸಿನಿಂದಲೋ ಪೆಟ್ಟಿನಿಂದಲೋ ಕೆಲವು ಹರಳುಗಳು ಕಳಚಿ ನಾಳದೊಳಗೆ ಜಾರಿದರೆ, ತಲೆಯನ್ನೆತ್ತಿದಾಗಲೂ ಹೊರಳಿದಾಗಲೂ ಅವು ಉರುಳಿ ದ್ರವವನ್ನು ಕದಡುವವು. ಗೋಳಗುಮ್ಮಟದ ಗಾರೆಯಲ್ಲಿ ಭದ್ರವಾಗಿ ನಿಂತ ಸುಣ್ಣವು ಮನುಷ್ಯನ ಕಿವಿಯಲ್ಲಿ ಸ್ಥಳ ತಪ್ಪಿದರೆ ಅವನ ಗುಮ್ಮಟವನ್ನೇ ತಿರುಗಿಸುವದು. ಅಮೇರಿಕೆಯ ಎಪ್ಲೀ ಎಂಬ ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಸೇರಿಸುವ ಉಪಾಯವನ್ನು ಕಂಡುಹಿಡಿದರು. ಇಷ್ಟು ಸುಲಭವಾದುದು ನಿಜವಿರಲಾರದೆಂದು ಸಮವ್ಯವಸಾಯಿಗಳೇ ಅವರನ್ನು ಬಹುಕಾಲ ನಂಬಲಿಲ್ಲ. ಅವರ ಮುಖ್ಯ ಲೇಖನವು 1992 ರಲ್ಲಿ ಬೆಳಕು ಕಂಡಿತು.

ನಾನು ಮಾವನವರನ್ನೂ ದೊಡ್ಡವ್ವನನ್ನೂ ಒಂದೇ ದಿನ ವಿಜಯಪುರದ ಒಬ್ಬ ಕಿವಿಯ ವೈದ್ಯರ ಬಳಿಗೆ ಕರೆತಂದೆನು. ಅವರು ಮಾವನವರಿಗೆ ಮೊದಲು ಕೇಳಿದ ಪ್ರಶ್ನೆಯು ಇದು: “ಕಾಕಾ, ಸುತ್ತುವದು ನೀವೋ, ಮನೆಯೋ? ಎಷ್ಟು ಹೊತ್ತು? ಏನು ಮಾಡಿದಾಗ?” ಮಾತು ತೊದಲುವದು, ಒಂದು ವಸ್ತುವು ಎರಡಾಗಿ ಕಾಣುವದು, ಕೈಕಾಲು ಜೋಮುಗಟ್ಟುವದು, ನಿಲ್ಲಲಾರದೆ ಹೋಗುವದು, ಹಿಂದೆಂದೂ ಕಾಣದ ತಲೆನೋವು ಇವುಗಳನ್ನೂ ವಿಚಾರಿಸಿದರು. ಇವುಗಳಲ್ಲಿ ಒಂದಿದ್ದರೂ ಮೂಲವು ಮಿದುಳಿನಲ್ಲಿರಬಹುದೆಂದೂ, ಆಗ ಗಳಿಗೆಯನ್ನೂ ಕಳೆಯದೆ ದೊಡ್ಡ ದವಾಖಾನೆಯನ್ನು ಸೇರತಕ್ಕದ್ದೆಂದೂ ನನಗೆ ಬಿಡಿಸಿ ಹೇಳಿದರು. ಮಾವನವರಿಗೆ ಇದಾವುದೂ ಇರಲಿಲ್ಲ. ತಲೆಯನ್ನು ಬಲಕ್ಕೆ ತಿರುಗಿಸಿ ಹಿಂದಕ್ಕೆ ಮಲಗಿಸಿದೊಡನೆ, ನಾಲ್ಕೈದು ಕ್ಷಣಗಳ ಮೇಲೆ ಕಣ್ಣಾಲಿಗಳು ಗಿರ್ರನೆ ಆಡಿದವು. ವೈದ್ಯರು ಅವರನ್ನು ಮೆಲ್ಲನೆ ಎಡಕ್ಕೆ ಹೊರಳಿಸಿ, ಮುಖವನ್ನು ನೆಲದ ಕಡೆಗೆ ಮಾಡಿಸಿ, ನಡುನಡುವೆ ತಡೆದು ಕೂಡ್ರಿಸಿದರು. ಎರಡು ಸಲ ಇಷ್ಟಾಯಿತು. ಗುಳಿಗೆಗಳನ್ನು ಬಿಡಲು ಹೇಳಿದರು.

ದೊಡ್ಡವ್ವನ ಕಿವಿಯಲ್ಲಿ ಏನೂ ಇರಲಿಲ್ಲ. ಆಕೆಯ ರಕ್ತದೊತ್ತಡವನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆದರು. ನಿಂತಾಗ ಅದು ಬಹಳ ಇಳಿಯುತ್ತಿದ್ದಿತು. ಅವಳ ಒತ್ತಡದ ಔಷಧವನ್ನು ಕೊಡುತ್ತಿದ್ದ ವೈದ್ಯರಿಗೆ ಒಂದು ಚೀಟಿಯನ್ನು ಬರೆದುಕೊಟ್ಟರು. ಅವರು ಪ್ರಮಾಣವನ್ನು ತಗ್ಗಿಸಿದರು.

ಎರಡು ವರ್ಷಗಳ ಮೇಲೆ, ಸುಗ್ಗಿಯ ದಿನಗಳಲ್ಲಿ, ಮಾವನವರಿಗೆ ಸುತ್ತು ಮತ್ತೆ ಬಂದಿತು. ಈ ರೋಗವು ಮರುಕಳಿಸುವದುಂಟು. ಅವರು ಚಪ್ಪರದ ಕಂಬಕ್ಕೆ ಒರಗಿ ಕುಳಿತು, ಎದುರಿನ ಒಂದು ಬಳ್ಳಿಯಲ್ಲಿ ದೃಷ್ಟಿಯನ್ನು ನಿಲ್ಲಿಸಿ ಅದು ಹೋಗುವವರೆಗೆ ಕಾದರಂತೆ. ಸಂಜೆಗೆ ಮಗನ ಗಾಡಿಯ ಹಿಂದೆ ಕುಳಿತು ವಿಜಯಪುರಕ್ಕೆ ಬಂದರು. “ಡಾಕ್ಟರೇ, ಅರ್ಧ ನಿಮಿಷ ಇರುತ್ತದೆ, ಮನೆಯೇ ತಿರುಗುತ್ತದೆ, ಈ ಸಲ ಎಡಮಗ್ಗಲು” ಎಂದು ಕುಳ್ಳಿರುವ ಮೊದಲೇ ಹೇಳಿದರು.