ಗಾಂಧಿಯ ಮಾತನ್ನೂ ಅಚ್ಚು ಹಾಕಿಸಿದ ಬಾಬಾಸಾಹೇಬರು

ನಮ್ಮ ಸಭೆಗಳಲ್ಲಿ ಒಂದು ಚಾಳಿ ಸೇರಿಕೊಂಡಿದೆ. ಬೇರೆ ಥರ ಮಾತಾಡಿದೋನನ್ನು ಮೊದಲು ಕೂರಿಸೋದು. ಆಮೇಲೆ ಅವನು ಹೇಳಿದ್ದು ಇಂಥದ್ದು ಅಂತ ನಾವೇ ಹೇಳಿ, ನಾವೇ ಉತ್ತರ ಕೊಟ್ಟು ಚಪ್ಪಾಳೆ ತಗೊಳ್ಳೋದು. ಇದು ನಮ್ಮ ಮೇಲೇ ಪ್ರಯೋಗವಾದ ಅಸ್ತ್ರ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ, ಆ ಮಾತು ಯಾವ ಹಸಿವಿನಿಂದ ಬಂತು ಅಂತ ಕೇಳಿದವರಿಗಿಂತ ಬೀದಿಗಿಳಿದು ಕೂಗಿದವರೇ ಹೆಚ್ಚು. ಅವರ ಮಂತ್ರಿ ಪದವಿ ಹೋಯ್ತು. ಹಾಗಾಗಿ ಒಂದು ಪುಸ್ತಕದ ಕಥೆ ಹೇಳಬೇಕು.

ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಜಾತಿ ಒಡೀತೀವಿ ಅಂತ ಹೊರಟ ಹಿಂದೂ ಸುಧಾರಕರ ಸಂಘ. 1936ರ ತನ್ನ ವಾರ್ಷಿಕ ಸಮ್ಮೇಳನಕ್ಕೆ ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೀತು. ಭಾಷಣದ ಪ್ರತಿ ಕೈಗೆ ಬಂದದ್ದೇ ತಡ, ಸುಧಾರಕರ ಎದೆ ಢವಢವ ಅಂತು. ವೇದ ಶಾಸ್ತ್ರಗಳ ತಂಟೆ ಬೇಡಿತ್ತು ಅಂದರು. ಹಿಂದೂ ಧರ್ಮ ಬಿಡ್ತೀನಿ ಅನ್ನೋ ಮಾತಂತೂ ಬೇಡವೇ ಬೇಡ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸೋದಿಲ್ಲ ಅಂತ ಬಾಬಾಸಾಹೇಬರು ಬರೆದರು. ಸಮ್ಮೇಳನ ನಡೀಲಿಲ್ಲ. ಆಡದೇ ಉಳಿದ ಆ ಭಾಷಣವನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. 1500 ಪ್ರತಿ, ಬೆಲೆ 8 ಆಣೆ. ಅದೇ 'ಜಾತಿ ವಿನಾಶ'. ಮಂಡಲದವರ ಕಾಗದಗಳನ್ನೂ ಪುಸ್ತಕದ ಮೊದಲಲ್ಲೇ ಹಾಕಿದರು. ಯಾರು ಏನಂದರು ಅಂತ ಓದುಗನೇ ನೋಡಿಕೊಳ್ಳಲಿ.

ಅದೇ ವರ್ಷ ಜುಲೈನಲ್ಲಿ ಗಾಂಧಿ 'ಹರಿಜನ' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಒಂದು ಮಾತು ಒಪ್ಪಬೇಕು: ಇಂಥವರ ವಿಚಾರವನ್ನು ಜನ ಕೇಳದ ಹಾಗೆ ಮಾಡಿದ್ದು ತಪ್ಪು ಅಂತ ಮಂಡಲದವರನ್ನು ಅವರು ತರಾಟೆಗೆ ತಗೊಂಡರು. 8 ಆಣೆ ಜಾಸ್ತಿಯಾಯ್ತು, 2 ಆಣೆಗೆ, ಹೋಗಲಿ 4 ಆಣೆಗೆ ಕೊಡಿ ಅಂತಲೂ ಸೇರಿಸಿದರು. ಆದರೆ ವರ್ಣವನ್ನು ಬಿಟ್ಟುಕೊಡಲಿಲ್ಲ. ಹಿರಿಯರಿಂದ ಬಂದ ಕಸುಬು ಮಾಡಬೇಕು, ಕಸುಬಿನಲ್ಲಿ ಮೇಲು ಕೀಳಿಲ್ಲ, ಧರ್ಮವನ್ನು ಅಳೆಯೋದಾದರೆ ಅದರ ಕೆಟ್ಟ ಮಂದಿಯಿಂದಲ್ಲ, ಚೈತನ್ಯ, ತುಕಾರಾಮರಂಥವರಿಂದ ಅಳೀರಿ ಅಂದರು.

ಈ ಜಾಗದಲ್ಲಿ ನಾವಾಗಿದ್ದರೆ ಏನು ಮಾಡ್ತಿದ್ದೆವು? ಒಂದು ಕರಪತ್ರ, ನಾಲ್ಕು ಬೈಗುಳ. ಬಾಬಾಸಾಹೇಬರು 1937ರ ಎರಡನೇ ಮುದ್ರಣದಲ್ಲಿ ಗಾಂಧಿಯ ಲೇಖನಗಳನ್ನು ತಾವೇ ಅಚ್ಚು ಹಾಕಿಸಿದರು. ಅದರ ಬೆನ್ನಿಗೆ ತಮ್ಮ ಉತ್ತರ. ಎದುರಾಳಿಗೆ ಯಾಕೆ ಕಾಗದ ದಂಡ ಮಾಡಬೇಕು ಅಂತ ಕೇಳೋ ಗೆಳೆಯರು ಇದನ್ನು ಗಮನಿಸಬೇಕು. ಆ ಉತ್ತರ ಗಾಂಧಿಯ ಮನಸ್ಸು ತಿರುಗಿಸೋದಕ್ಕೆ ಬರೆದದ್ದಲ್ಲ. ಗಾಂಧಿ ಬಾಯಿ ತೆರೆದರೆ ವಾದ ಮುಗೀತು ಅಂತ ನಂಬಿದ ಹಿಂದೂಗಳು ಬಹಳ ಇದ್ದರಲ್ಲ, ಅವರಿಗಾಗಿ ಬರೆದದ್ದು. ಅಂಥವನ ಕೈಗೆ ಗಾಂಧಿಯ ಮಾತನ್ನು ಇಡಿಯಾಗಿ ಕೊಡದೆ ಉತ್ತರ ಒಂದನ್ನೇ ಕೊಟ್ಟರೆ ಅವನು ಯಾಕೆ ನಂಬ್ತಾನೆ?

ಹಾಗಂತ ಉತ್ತರ ಮೆತ್ತಗಿಲ್ಲ. ಕಸುಬಿನ ಮಾತು ಆಡುವ ಗಾಂಧಿ ಹುಟ್ಟಿನಿಂದ ಬನಿಯಾ, ಆದರೆ ಹಿರಿಯರು ತಕ್ಕಡಿ ಬಿಟ್ಟು ದಿವಾನಗಿರಿಗೆ ಹೋದರು, ತಾವು ವಕೀಲಿಗೆ ಹೋದರು, ಕಿರಿಯ ಮಗ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ಅಂತ ಒಂದೊಂದಾಗಿ ಎತ್ತಿ ಇಟ್ಟಿದ್ದಾರೆ. ಎದುರಾಳಿಯ ತತ್ವವನ್ನು ಎದುರಾಳಿಯ ಮನೆಯಂಗಳದಲ್ಲೇ ನಿಲ್ಲಿಸಿ ಕೇಳಿದ ಕ್ರಮ ಇದು. ಸಂತರ ಮಾತಿಗೂ ಬಿಡಲಿಲ್ಲ: ಅವರು ದೇವರ ಮುಂದೆ ಎಲ್ಲರೂ ಸಮ ಅಂದರೇ ಹೊರತು ಮನುಷ್ಯನ ಮುಂದೆ ಮನುಷ್ಯ ಸಮ ಅಂತ ಜಾತಿಯ ಮೇಲೆ ಯುದ್ಧ ಸಾರಲಿಲ್ಲ ಅಂದರು. (ನಮ್ಮ ವಚನಕಾರರನ್ನು ಓದಿದವರು ಈ ಮಾತಿಗೆ ಜಗಳ ತೆಗೀಬಹುದು, ತೆಗೀಲಿ.) ಮೆತ್ತಗೆ ಮಾತಾಡ್ರಪ್ಪ ಅಂತ ನಮಗೆ ಬುದ್ಧಿ ಹೇಳೋ ಮೇಷ್ಟ್ರುಗಳೂ ಈ ಪುಟಗಳನ್ನು ಓದಲಿ. ಇಲ್ಲಿ ಬೆಂಕಿಯೂ ಇದೆ, ಎದುರಾಳಿಯ ಮಾತಿನ ಒಂದಕ್ಷರ ತಿರುಚದ ನೇಮವೂ ಇದೆ.

ಮೊದಲ 1500 ಪ್ರತಿ ಎರಡೇ ತಿಂಗಳಲ್ಲಿ ಮುಗಿದವು. ಗುಜರಾತಿ, ತಮಿಳಿಗೆ ಆಗಿದೆ. ಮರಾಠಿ, ಹಿಂದಿ, ಪಂಜಾಬಿ, ಮಲಯಾಳಕ್ಕೆ ಆಗುತ್ತಿದೆ ಅಂತ ಎರಡನೇ ಮುದ್ರಣದ ಮುನ್ನುಡಿ ಹೇಳುತ್ತೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ.