ಸಭೆಯ ಹಾಡು ಮತ್ತು ಮನೆ ಬದಲಿಸಿದ ಆರ್ಗನ್

ಕರಾವಳಿಯ ಬಾಸೆಲ್ ಮಿಶನ್ ಪರಂಪರೆಗೆ ಸೇರಿದ ಈ ಕನ್ನಡ ಸಭೆಯ ಸಂಗೀತದ ಬೆಳವಣಿಗೆಯನ್ನು ದಾಖಲಿಸಬೇಕೆಂದು ಸ್ಮರಣ ಸಂಚಿಕೆಯ ಸಂಪಾದಕ ಸಮಿತಿ ಕೋರಿದ್ದರಿಂದ ಈ ಲೇಖನ ಸಿದ್ಧವಾಗಿದೆ. ದೇವಾಲಯದ ಎಡಮೂಲೆಯಲ್ಲಿ ಬಹುಕಾಲ ನಿಂತಿದ್ದ ವಿದ್ಯುತ್ ಆರ್ಗನ್ ಬೇರೆಡೆಗೆ ಹೋದದ್ದು ಈ ಕೋರಿಕೆಗೆ ನಿಮಿತ್ತವಾಯಿತು. ಆದರೂ ಒಂದು ವಾದ್ಯವನ್ನು ಬೀಳ್ಕೊಟ್ಟ ಸಂಗತಿಯನ್ನು ಬರೆಯುವ ಮುನ್ನ ಅದು ಯಾವ ಹಾಡಿಗೆ ಜೊತೆಯಾಗಲು ಬಂದಿತ್ತು, ಆ ಹಾಡನ್ನು ಕಟ್ಟಿದವರು ಯಾರು ಎಂಬುದನ್ನು ಸ್ಮರಿಸುವುದು ಕರ್ತವ್ಯವೇ ಆಗಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆ ಭಾರತಕ್ಕೆ ಕಳುಹಿಸಿದ ಮೊದಲ ಮೂವರು ಸೇವಕರಾದ ಸ್ಯಾಮ್ಯುಯೆಲ್ ಹೆಬಿಕ್, ಕ್ರಿಸ್ಟಿಯನ್ ಗ್ರೈನರ್ ಮತ್ತು ಯೋಹಾನ್ ಲೇನರ್ ಅವರು 1834ರಲ್ಲಿ ಮಂಗಳೂರಿಗೆ ಬಂದಾಗ ಅವರ ಬಳಿ ಕನ್ನಡವೂ ಇರಲಿಲ್ಲ, ತುಳುವೂ ಇರಲಿಲ್ಲ. ಅವರು ಹೊತ್ತು ತಂದದ್ದು ಜರ್ಮನ್ ನಾಡಿನ ‘ಕೋರಾಲ್’ ಎಂಬ ಸಭಾಗಾನದ ಪದ್ಧತಿಯನ್ನು. ಕೋರಾಲ್ ಎಂದರೆ ನಿಧಾನಗತಿಯ, ಪ್ರತಿ ಅಕ್ಷರಕ್ಕೂ ಬಹುಮಟ್ಟಿಗೆ ಒಂದೊಂದು ಸ್ವರವಿರುವ, ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳಲ್ಲಿ ಏಕಕಾಲಕ್ಕೆ ಹಾಡಬಹುದಾದ ಗೀತೆ. ಏಕಧ್ವನಿಯ ಗಾಯನವನ್ನೇ ಕೇಳಿ ಬೆಳೆದ ಜನರಿಗೆ ನಾಲ್ಕು ದಾರಿಯಲ್ಲಿ ನಡೆದು ಒಂದೇ ಕಡೆ ಸೇರುವ ಈ ಗಾಯನ ತೀರಾ ಹೊಸತಾಗಿತ್ತು. ಕಾಲಿನಿಂದ ಗಾಳಿಯೂದುವ ಹಾರ್ಮೋನಿಯಂ ಪ್ಯಾರಿಸ್‌ನಲ್ಲಿ ರೂಪುಗೊಂಡದ್ದೇ 1840ರ ದಶಕದ ಆರಂಭದಲ್ಲಾದ್ದರಿಂದ, ಆ ಮೊದಲ ವರ್ಷಗಳ ಆರಾಧನೆಗೆ ಅದರ ನೆರವೂ ಇರಲಿಲ್ಲ.

ಹೊಸ ರಾಗಕ್ಕಿಂತ ದೊಡ್ಡ ಕಷ್ಟವನ್ನು ಒಡ್ಡಿದ್ದು ಹಳೆಯ ಭಾಷೆ. ಜರ್ಮನ್ ಪದ್ಯ ನಿಂತಿರುವುದು ಒತ್ತಿನ ಮೇಲೆ, ಕನ್ನಡ ಪದ್ಯ ನಿಂತಿರುವುದು ಲಘು-ಗುರುಗಳ ಅಳತೆಯ ಮೇಲೆ; ಒಂದರ ರಾಗಕ್ಕೆ ಇನ್ನೊಂದರ ಮಾತನ್ನು ಹೊಂದಿಸುವಾಗ ಹ್ರಸ್ವಾಕ್ಷರವು ಉದ್ದದ ಸ್ವರದ ಮೇಲೆ ಕುಳಿತು ಎಳೆದಂತಾಗುತ್ತದೆ, ದೀರ್ಘಾಕ್ಷರವು ಚಿಕ್ಕ ಸ್ವರದಲ್ಲಿ ಮುರುಟಿಕೊಳ್ಳುತ್ತದೆ. 1836ರಲ್ಲಿ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರೂ, ಅವರ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ ಅವರೂ ಕನ್ನಡದ ಗಾದೆಗಳನ್ನೂ ದಾಸರ ಪದಗಳನ್ನೂ ಆದರದಿಂದ ಕಂಡವರಾದ್ದರಿಂದ ಈ ತೊಡಕು ಅವರಿಗೆ ತಿಳಿಯದ್ದೇನಲ್ಲ. ಇದಕ್ಕೆ ಅತ್ಯಂತ ಧೈರ್ಯದ ಉತ್ತರ ಕೊಟ್ಟವರು 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರು. 1894ರ ನಿಘಂಟಿನಿಂದ ನಾಡಿಗೆಲ್ಲ ಪರಿಚಿತರಾದ ಅವರು ಅದಕ್ಕೆ ಮೂರು ದಶಕಗಳ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂಬ ಕಾವ್ಯವಾಗಿಸಿದರು. ಇಂದು ಸಭೆಗಳಲ್ಲಿ ಪಾಶ್ಚಾತ್ಯ ರಾಗದ ‘ಸಂಗೀತ’ ಮತ್ತು ದೇಶೀಯ ಧಾಟಿಯ ‘ಕೀರ್ತನೆ’ ಎಂಬ ಎರಡು ಬಗೆಯ ಹಾಡುಗಳು ಒಂದೇ ಆರಾಧನೆಯಲ್ಲಿ ಅಕ್ಕಪಕ್ಕ ನಿಂತಿರುವುದನ್ನು ನೋಡುವಾಗ, ಎರಡನೆಯದಕ್ಕೆ ದಾರಿ ತೆರೆದವರಲ್ಲಿ ಕಿಟ್ಟೆಲ್ ಅವರ ಹೆಸರನ್ನು ಮರೆಯಲಾಗದು.

ಹಿರಿಯರೆಂದರೆ ಯುರೋಪಿನವರಷ್ಟೇ ಎಂಬ ಭಾವನೆ ಉಳಿಯಬಾರದು. ಮಂಗಳೂರಿನ ಸಾರಸ್ವತ ಕುಟುಂಬದಿಂದ ಬಂದು 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಅವರು ಬಾಸೆಲ್‌ನಲ್ಲಿ ಅಭ್ಯಾಸ ಮಾಡಿ, 1851ರಲ್ಲಿ ಅಭಿಷಿಕ್ತರಾಗಿ ಮರಳಿ, ದೈವಜ್ಞಾನ ಶಾಲೆಯಲ್ಲಿ ಬೋಧಿಸಿದರು. ಅದೇ ವರ್ಷ ಜಾನ್ ಹಾಲರ್ ಅವರು ನೇಯ್ಗೆ ಕೆಲಸಕ್ಕೆ ಹೊಸ ರೂಪ ಕೊಟ್ಟರೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಸಭೆಗಳನ್ನು ತುಂಬಿದವರಲ್ಲಿ ಹಲವರು ಮಗ್ಗದ ಮುಂದೆ ಕುಳಿತವರು, ಜೇಡಿಮಣ್ಣು ತುಳಿದವರು. ವಾರವಿಡೀ ಕೈಕಾಲುಗಳನ್ನು ಲಯಕ್ಕೆ ಒಪ್ಪಿಸಿದ್ದ ಆ ಜನರೇ ಭಾನುವಾರದ ಹಾಡಿಗೂ ಆಧಾರವಾದರು ಎಂಬುದು ಈ ಪರಂಪರೆಯ ನಿಜವಾದ ಹೆಮ್ಮೆ.

ಹಾರ್ಮೋನಿಯಂ ಹೊಕ್ಕ ಮೇಲೆ, ನಾಟಕ ಕಂಪನಿಗಳಲ್ಲಿ ‘ಲೆಗ್ ಹಾರ್ಮೋನಿಯಂ’ ಎಂದು ಹೆಸರಾದ ಕಾಲ್ತುಳಿತದ ಪೆಟ್ಟಿಗೆಯೇ ದೇವಾಲಯಗಳಲ್ಲಿಯೂ ಬಹುಕಾಲ ಆಳಿತು. 1914ರ ಯುದ್ಧದಲ್ಲಿ ಜರ್ಮನ್ ಮಿಶನರಿಗಳು ಕೆಲಸ ಬಿಟ್ಟು ಹೋಗಬೇಕಾದುದು, ಸಂಸ್ಥೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಆಡಳಿತಕ್ಕೆ ಹೋದದ್ದು, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದಯಿಸಿದ್ದು, ಮಿಶನ್ ಪರಂಪರೆಯ ಸಭೆಗಳು ಹಂತಹಂತವಾಗಿ ಅದರೊಳಗೆ ಬಂದದ್ದು, 1970ರಲ್ಲಿ ಕರ್ನಾಟಕದ ಸಭಾಪ್ರಾಂತ್ಯಗಳು ಹೊಸದಾಗಿ ವಿಂಗಡಣೆಯಾದದ್ದು, ಇವೆಲ್ಲವೂ ಸಭೆಯ ಆಡಳಿತ ಚರಿತ್ರೆಯ ಮುಖ್ಯ ಅಧ್ಯಾಯಗಳು. ಆ ಸಂದರ್ಭಗಳಲ್ಲಿ ಹಿರಿಯರ ನಡುವೆ ಮೂಡಿದ ಭಿನ್ನಾಭಿಪ್ರಾಯಗಳನ್ನು ಸಂಭ್ರಮದ ಈ ಸಂಚಿಕೆಯಲ್ಲಿ ಕೆದಕುವುದು ಉಚಿತವಲ್ಲ. ಹಾಡು ಯಾವ ಭಾನುವಾರವೂ ನಿಲ್ಲಲಿಲ್ಲ ಎಂದರೆ ಸಾಕು.

ಇನ್ನು ಆರ್ಗನ್‌ನ ವಿಷಯ. ಅಮೆರಿಕದ ಶಿಕಾಗೊದಲ್ಲಿ ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ ಲಾರೆನ್ಸ್ ಹ್ಯಾಮಂಡ್ ಅವರು 1934ರಲ್ಲಿ ಹಕ್ಕುಪತ್ರ ಪಡೆದು 1935ರಲ್ಲಿ ಮಾರುಕಟ್ಟೆಗೆ ತಂದ ಈ ವಾದ್ಯದಲ್ಲಿ ಕೊಳವೆಯೂ ಇಲ್ಲ, ಗಾಳಿಯೂ ಇಲ್ಲ. ಅಂಚಿನಲ್ಲಿ ಹಲ್ಲುಗಳಂಥ ಏರಿಳಿತವಿರುವ 91 ಪುಟ್ಟ ಉಕ್ಕಿನ ಚಕ್ರಗಳು ಒಂದೇ ಮೋಟಾರಿನಿಂದ ಸದಾ ತಿರುಗುತ್ತಿರುತ್ತವೆ. ಪ್ರತಿ ಚಕ್ರದ ಎದುರಿಗೆ ತಂತಿ ಸುತ್ತಿದ ಅಯಸ್ಕಾಂತದ ಕಡ್ಡಿಯೊಂದಿದ್ದು, ಹಲ್ಲುಗಳು ಹಾದುಹೋಗುವಾಗ ಅದರಲ್ಲಿ ಹುಟ್ಟುವ ಅಲ್ಪ ವಿದ್ಯುತ್ತೇ ಸ್ವರವಾಗುತ್ತದೆ. ಒಂದೊಂದು ಮನೆಯ ಕೆಳಗೂ, ಎಂದರೆ ಬೆರಳು ಒತ್ತುವ ಪ್ರತಿಯೊಂದು ಕೀಲಿಯ ಕೆಳಗೂ, ಒಂಬತ್ತು ಸಂಪರ್ಕ ತಂತಿಗಳಿರುತ್ತವೆ. ಅವುಗಳ ಬಲಾಬಲವನ್ನು ‘ಡ್ರಾಬಾರ್’ ಎಂಬ ಎಳೆಯುವ ಪಟ್ಟಿಗಳು ನಿರ್ಧರಿಸುತ್ತವೆ. ಕಂದು, ಬಿಳಿ, ಕಪ್ಪು ಬಣ್ಣದ ಈ ಪಟ್ಟಿಗಳ ಮೇಲೆ 16, 8, 4 ಎಂದು ಬರೆದಿರುವ ಅಂಕಿಗಳು ಹಳೆಯ ಕೊಳವೆ ಆರ್ಗನ್‌ನ ಕೊಳವೆಗಳ ಉದ್ದವನ್ನು ಅಡಿಗಳಲ್ಲಿ ಸೂಚಿಸುತ್ತವೆ. ಕೊಳವೆಯೇ ಇಲ್ಲದ ವಾದ್ಯದಲ್ಲಿಯೂ ಆ ಅಳತೆ ಹೆಸರಾಗಿ ಉಳಿದುಕೊಂಡಿದೆ. ಮೊದಲ ಮೂರು ವರ್ಷಗಳಲ್ಲಿಯೇ ಸುಮಾರು 1,750 ಚರ್ಚುಗಳು ಇದನ್ನು ಕೊಂಡವು. ಆದರೆ ಕೊಳವೆ ಆರ್ಗನ್‌ಗೆ ಇದು ಸಮಾನವೆಂಬ ತಯಾರಕರ ಜಾಹೀರಾತನ್ನು ಅಲ್ಲಿನ ಫೆಡರಲ್ ವ್ಯಾಪಾರ ಆಯೋಗ ಒಪ್ಪದೆ, 1938ರಲ್ಲಿ ಅಂಥ ಮಾತುಗಳನ್ನು ನಿಲ್ಲಿಸುವಂತೆ ಆಜ್ಞೆ ಮಾಡಿತು. ಮುಂದೆ 1971ರಲ್ಲಿ ಅಲೆನ್ ಸಂಸ್ಥೆ ಸ್ವರಗಳನ್ನು ಅಂಕಿಗಳಾಗಿ ಸ್ಮೃತಿಯಲ್ಲಿಟ್ಟು ನುಡಿಸುವ ಡಿಜಿಟಲ್ ಆರ್ಗನ್ ತಂದಿತು. ಚಕ್ರಗಳ ಹ್ಯಾಮಂಡ್ ತಯಾರಿಕೆ ಅದೇ ದಶಕದ ನಡುಭಾಗದಲ್ಲಿ ನಿಂತಿತು.

ವಿದೇಶದಲ್ಲಿ ನೆಲೆಸಿದ್ದ ಸಭೆಯ ಕುಟುಂಬವೊಂದು ಪ್ರೀತಿಯಿಂದ ಕಳುಹಿಸಿದ ಅಂಥದೊಂದು ವಾದ್ಯ ದೇವಾಲಯಕ್ಕೆ ಬಂದಾಗ, ವೋಲ್ಟೇಜು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೆ ಸಾಕೆಂದು ಎಲ್ಲರೂ ಭಾವಿಸಿದ್ದರು. ಆದರೆ ವಾದ್ಯದ ಮೋಟಾರು ಗಡಿಯಾರದ ಮೋಟಾರಿನ ಜಾತಿಯದು. ಅದರ ವೇಗ ವೋಲ್ಟೇಜನ್ನು ಅವಲಂಬಿಸದೆ ವಿದ್ಯುತ್ತಿನ ಆವರ್ತನವನ್ನು, ಎಂದರೆ ಪ್ರವಾಹ ಸೆಕೆಂಡಿಗೆ ಎಷ್ಟು ಬಾರಿ ಹಿಂದೆಮುಂದೆ ಹರಿಯುತ್ತದೆಂಬುದನ್ನು, ಅನುಸರಿಸುತ್ತದೆ. ಅಮೆರಿಕದ 60 ಹರ್ಟ್ಸ್‌ಗಾಗಿ ಕಟ್ಟಿದ ಯಂತ್ರ ಭಾರತದ 50 ಹರ್ಟ್ಸ್‌ನಲ್ಲಿ ಓಡಿದಾಗ ಶ್ರುತಿ ಮೂರು ಅರ್ಧಸ್ವರಗಳಷ್ಟು ಕೆಳಗಿಳಿಯಿತು. ಸಿ ಮನೆ ಒತ್ತಿದರೆ ಎ ಸ್ವರ ಕೇಳಿಸುತ್ತಿತ್ತು. ಆರ್ಗನ್ ನುಡಿಸುತ್ತಿದ್ದ ಹಿರಿಯರು ಎದೆಗುಂದದೆ, ಪುಸ್ತಕದಲ್ಲಿ ಜಿ ಶ್ರುತಿಯಲ್ಲಿದ್ದ ಹಾಡನ್ನು ಬಿ-ಫ್ಲಾಟ್‌ನಲ್ಲಿ ನುಡಿಸಿ, ಸಭೆಗೆ ಜಿ ಕೇಳಿಸುವಂತೆ ಮಾಡುವುದನ್ನು ಅಭ್ಯಾಸ ಮಾಡಿಕೊಂಡರು. ದಕ್ಷಿಣ ವಲಯದಲ್ಲಿ ಲಭ್ಯತೆ ಆಧಾರಿತ ವಿದ್ಯುತ್ ದರ ಪದ್ಧತಿ 2003ರಲ್ಲಿ ಬಂದು ಆವರ್ತನ ಒಂದು ಹದಕ್ಕೆ ನಿಲ್ಲುವ ಮುನ್ನ, ಬೇಡಿಕೆ ಏರಿದ ಸಂಜೆಗಳಲ್ಲಿ ಅದು 48.5ಕ್ಕೂ ಇಳಿಯುತ್ತಿದ್ದ ಕಾಲವದು. ಆಗ ಇನ್ನೂ ಅರ್ಧಸ್ವರದ ಅರ್ಧದಷ್ಟು ಶ್ರುತಿ ಕುಸಿಯುತ್ತಿತ್ತು. ಅದಕ್ಕೆ ಬೆರಳಿನಲ್ಲಿ ಪರಿಹಾರವಿರಲಿಲ್ಲ. ಸಭೆಯೇ ವಾದ್ಯದ ಜೊತೆ ಕೆಳಗಿಳಿದು ಹಾಡುತ್ತಿತ್ತು.

ಈ ತೊಡಕನ್ನು ನಿವಾರಿಸಿದ್ದು ಸಭೆಯ ಸಂಗೀತ ಚರಿತ್ರೆಯ ಗಣನೀಯ ಸಾಧನೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು. ಪ್ರಸ್ತುತ ಲೇಖಕರೂ ಸದಸ್ಯರಾಗಿದ್ದ ಉಪಸಮಿತಿಯು ಮನೆಮನೆಗೆ ಹೋಗಿ ಕಾಣಿಕೆ ಸಂಗ್ರಹಿಸಿ, 50 ಹರ್ಟ್ಸ್ ವಿದ್ಯುತ್ತನ್ನು 60ಕ್ಕೆ ಬದಲಿಸಿಕೊಡುವ ಪರಿವರ್ತಕವೊಂದನ್ನು ಮಾಡಿಸಿತು. ಟ್ರಂಕಿನಷ್ಟು ದೊಡ್ಡದಾದ ಆ ಪೆಟ್ಟಿಗೆಯನ್ನು ಪ್ರಸಂಗಪೀಠದ ಹಿಂದೆ ಇರಿಸಿ, ‘ಸ್ಟಾರ್ಟ್’ ಗುಂಡಿಯನ್ನು ಎಂಟು ಎಣಿಸುವಷ್ಟು ಹೊತ್ತು ಹಿಡಿದು, ಮೋಟಾರು ವೇಗ ಪಡೆದ ಮೇಲೆ ಅದನ್ನು ಬಿಡದೆಯೇ ‘ರನ್’ ಗುಂಡಿಯನ್ನೂ ಹಿಡಿದು, ಬಳಿಕ ಮೊದಲನೆಯದನ್ನು ಬಿಟ್ಟಾಗ, ಸಿ ಮನೆಯಿಂದ ಮೊದಲ ಬಾರಿಗೆ ಸಿ ಸ್ವರವೇ ಹೊರಟಿತು. ಮೂರು ಮೆಟ್ಟಿಲು ಮೇಲೆ ನುಡಿಸಿ ಪಳಗಿದ್ದ ಹಿರಿಯರಿಗೆ ಹಳೆಯ ರೂಢಿ ಬಿಡಲು ಕೆಲವು ವಾರಗಳೇ ಬೇಕಾದವು. ಆ ವಾರಗಳಲ್ಲಿ ಎತ್ತರದ ಸ್ವರ ಮುಟ್ಟಲಾಗದೆ ಸೊಪ್ರಾನೊ ಸಾಲಿನವರು ಪಟ್ಟ ಪಾಡನ್ನು ಗಾಯಕವೃಂದ ಇಂದಿಗೂ ನೆನೆಯುತ್ತದೆ.

ಅನಂತರದ ವರ್ಷಗಳು ಸದ್ದಿಲ್ಲದೆ ಕಳೆದವು. ಕಡಲಿನ ಉಪ್ಪುಗಾಳಿಗೂ ಆಷಾಢದ ತೇವಕ್ಕೂ ಸಂಪರ್ಕ ತಂತಿಗಳು ಕಪ್ಪಾಗಿ, ಕೆಲವು ಮನೆಗಳು ಕರಕರ ಎನ್ನತೊಡಗಿದವು. ಎರಡು ಕೈಮಣೆಗಳ ತಲಾ 61 ಮನೆಗಳಿಗೆ ಒಂಬತ್ತರಂತೆ ಒಟ್ಟು 1,098 ಸಂಪರ್ಕಗಳನ್ನು ಶುಚಿಗೊಳಿಸಬಲ್ಲವರು ಸುತ್ತಮುತ್ತ ಇರಲಿಲ್ಲ. ಅಷ್ಟರಲ್ಲಿ ಒಬ್ಬನೇ ಹೊತ್ತು ತರಬಹುದಾದ ಕೀಬೋರ್ಡು ಬಂತು. ಅದು ಸಂಗೀತಕ್ಕೂ ಸೈ, ಕೀರ್ತನೆಗೂ ಸೈ. ಹಳೆಯ ವಾದ್ಯವನ್ನು ಉಳಿಸಿಕೊಳ್ಳಬೇಕೆಂಬವರೂ ಸ್ಥಳ ತೆರವು ಮಾಡಬೇಕೆಂಬವರೂ ಸಭೆಯ ಹಿತವನ್ನೇ ಬಯಸಿದವರಾದ್ದರಿಂದ, ಆ ಚರ್ಚೆಯ ವಿವರಗಳನ್ನು ನಡವಳಿ ಪುಸ್ತಕಕ್ಕೇ ಬಿಡುವುದು ಲೇಸು.

ಕೊಡುವುದೆಂದು ನಿಶ್ಚಯವಾದ ಮೇಲೆ ತಿಳಿದುಬಂದದ್ದು, ಕೊಳ್ಳುವುದಕ್ಕಿಂತ ಕೊಡುವುದೇ ಕಷ್ಟವೆಂಬುದು. ಈ ಜಾತಿಯ ವಾದ್ಯ ಕಾಲ್ಮಣೆ ಮತ್ತು ಆಸನ ಸೇರಿ ಸುಮಾರು 190 ಕಿಲೋ ತೂಗುತ್ತದೆ. ನೆರೆಯ ಸಭೆಗಳು ಕೃತಜ್ಞತೆಯಿಂದಲೇ ನಿರಾಕರಿಸಿದವು. ಗುಜರಿಯವರು ಮರಕ್ಕೂ ಕಬ್ಬಿಣಕ್ಕೂ ಬೆಲೆ ಹೇಳಿದರು. ಉಪಾಹಾರ ಗೃಹವೊಂದನ್ನು ಅಲಂಕರಿಸುತ್ತಿದ್ದವರು ಒಳಗಿನ ಯಂತ್ರವನ್ನು ತೆಗೆದು ಮೇಲ್ಭಾಗವನ್ನು ಮೇಜಾಗಿಸುವುದಾಗಿ ಒಳ್ಳೆಯ ಮೊತ್ತವನ್ನೇ ಮುಂದಿಟ್ಟರು. ಉಪಸಮಿತಿ ಹಣದ ಮಾತನ್ನು ಬದಿಗಿರಿಸಿ ಮೂರು ಪ್ರಶ್ನೆಗಳನ್ನಷ್ಟೇ ಕೇಳಲು ತೀರ್ಮಾನಿಸಿತು: ಇದನ್ನು ನುಡಿಸುವವರು ಯಾರು, ಕೆಟ್ಟರೆ ಬಿಚ್ಚಬಲ್ಲವರು ಯಾರು, ಮುಂದೆ ಬೇಡವಾದರೆ ಬಿಡಿಭಾಗಗಳಿಗಾಗಿ ಒಡೆಯದೆ ಇನ್ನೊಬ್ಬರಿಗೆ ದಾಟಿಸುವಿರಾ. ಜಾಸ್ ಮತ್ತು ಗಾಸ್ಪೆಲ್ ಸಂಗೀತಗಾರರು ಚಕ್ರದ ಹ್ಯಾಮಂಡನ್ನು ಇಂದಿಗೂ ಅರಸುವುದರಿಂದ, ಮೂರಕ್ಕೂ ಉತ್ತರ ದೊರೆತದ್ದು ಬೆಂಗಳೂರಿನ ಒಂದು ಸಂಗೀತ ಶಾಲೆಯಲ್ಲಿ. ಅಲ್ಲಿನ ಗಾಳಿ ಕರಾವಳಿಗಿಂತ ಒಣದಾಗಿರುವುದೂ ವಾದ್ಯಕ್ಕೆ ಅನುಕೂಲವೇ.

ಸಭಾ ಸಮಿತಿ ಠರಾವು ಮಾಡಿ, ಚರಾಸ್ತಿ ಪುಸ್ತಕದಲ್ಲಿ ವಾದ್ಯದ ಹೆಸರಿನ ಮುಂದೆ ‘ದಾನವಾಗಿ ಕೊಡಲಾಗಿದೆ’ ಎಂದು ಬರೆಯಿತು. ಸ್ಪ್ರಿಂಗುಗಳ ಮೇಲೆ ತೂಗಾಡುವ ಚಕ್ರಗಳ ಪೆಟ್ಟಿಗೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಬಡಿದಾಡದಂತೆ ಅದರ ಬೋಲ್ಟುಗಳನ್ನು ಬಿಗಿದು, ವಾದ್ಯಕ್ಕೆ ಹಾಸಿಗೆ ಸುತ್ತಿ ಲಾರಿಗೇರಿಸಲಾಯಿತು. ಪರಿವರ್ತಕವನ್ನು ಸಭೆಯಲ್ಲಿಯೇ ಉಳಿಸಿಕೊಳ್ಳೋಣವೆಂಬ ಸಲಹೆಯೂ ಬಂದಿತ್ತು; ಅದಿಲ್ಲದೆ ಹೊಸ ಮನೆಯಲ್ಲಿಯೂ ಹಾಡು ಮೂರು ಮೆಟ್ಟಿಲು ಕೆಳಗಿಳಿಯುವುದೆಂದು ತಿಳಿಹೇಳಿದ ಮೇಲೆ ಅದೂ ಜೊತೆಯಲ್ಲಿ ಹೋಯಿತು.

ಉಳಿದದ್ದು ಆರ್ಗನ್ ಪೀಠದೊಳಗಿದ್ದ ರಟ್ಟಿನ ಹೊದಿಕೆಯ ಒಂದು ಪುಸ್ತಕ. ಪ್ರತಿ ಭಾನುವಾರ ಹಾಡಿದ ಸಂಗೀತ ಮತ್ತು ಕೀರ್ತನೆಗಳ ಸಂಖ್ಯೆಗಳನ್ನು ನುಡಿಸುವವರು ಅದರಲ್ಲಿ ಬರೆದಿಡುತ್ತಾ ಬಂದಿದ್ದಾರೆ. ಹಳೆಯ ಪುಟಗಳಲ್ಲಿ ಸಂಖ್ಯೆಯ ಪಕ್ಕದಲ್ಲಿ ‘ಮೂರು ಮೇಲೆ’ ಎಂಬ ಪೆನ್ಸಿಲ್ ಟಿಪ್ಪಣಿಗಳೂ ಇವೆ. ವಾದ್ಯ ಹೊರಟ ಮರುವಾರದ ಸಾಲನ್ನು ಕೀಬೋರ್ಡು ನುಡಿಸುವ ತರುಣಿಯೊಬ್ಬರು ಬರೆದಿದ್ದಾರೆ. ಅದರಲ್ಲಿ ವಾದ್ಯ ಬದಲಾಯಿತೆಂಬ ಸೂಚನೆಯೇ ಇಲ್ಲ. ತಾರೀಖು, ಅದರ ಕೆಳಗೆ ಎಂದಿನಂತೆ ನಾಲ್ಕು ಹಾಡುಗಳ ಸಂಖ್ಯೆಗಳು.